ಗುಳಿಗೆ ವಾಪಸ್ ಕೇಳಲು ಬಂದ ದಿನ

ಕೊಟ್ಟ ಔಷಧಿಯನ್ನು ವಾಪಸ್ ಕೇಳುವ ಮಂದಿಯನ್ನು ಮಾನಮ್ಮ ತನ್ನ ಜನ್ಮದಲ್ಲಿ ನೋಡಿರಲಿಲ್ಲ. ಆ ಭಾನುವಾರ ಮಧ್ಯಾಹ್ನ ನೀತಾ ಎಂಬ ಹುಡುಗಿ ಸ್ಕೂಟಿ ನಿಲ್ಲಿಸಿ, ಹೆಗಲಿಗೆ ದೊಡ್ಡ ಬ್ಯಾಗು ಹಾಕಿಕೊಂಡು ತಗಡಿನ ಪತ್ರಾ ಶೆಡ್ಡಿನ ಬಾಗಿಲಲ್ಲಿ ನಿಂತು, “ಮಾನಮ್ಮೋರೇ, ಸೋಯಾ ಟ್ಯಾಬ್ಲೆಟ್ ಡಬ್ಬಿ ಕೊಡ್ತೀರಾ? ನಿಮ್ಮ ಎಂಟೂ ಜನರದ್ದು ವಾಪಸ್ ತಗೊಂಡು ಬಾ ಅಂದಿದ್ದಾರೆ” ಎಂದಾಗ ಅವಳಿಗೆ ಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು. ಆ ಸಿಟ್ಟು ಆ ದಿನ ಪೂರ್ತಿ ಇಳಿಯಲಿಲ್ಲ.

ಇದು ಎರಡು ಸಾವಿರದ ನಾಲ್ಕರ ಮಾತು. ಪುಣೆಯ ವಿಮಾನ ನಗರದಲ್ಲಿ ಆಗ ಖಾಲಿ ನೆಲ ಕಂಡಲ್ಲೆಲ್ಲ ಕಟ್ಟಡಗಳು ಏಳುತ್ತಿದ್ದವು. ಏಳಿಸುತ್ತಿದ್ದವರು ಯಾದಗಿರಿ, ಶಹಾಪುರ, ಸೇಡಂ ಕಡೆಯವರು. ಅರ್ಧ ಎದ್ದ ಮಾಲ್ ಒಂದರ ಹಿಂದಿನ ಬಯಲಲ್ಲಿ ನಲವತ್ತು ಶೆಡ್ಡು ಹಾಕಿಕೊಂಡು ಸಂಸಾರ ಹೂಡಿದ್ದರು. ಗುತ್ತೇದಾರ ಹುಲಿಗೆಪ್ಪನೂ ಅದೇ ಕಡೆಯವನು. ಅವನ ಕೆಳಗೆ ಇಟ್ಟಿಗೆ, ಉಸುಕು ಹೊರುವ ಹೆಂಗಸರಿಗೆ ಮಾನಮ್ಮನೇ ಮುಂದಾಳು. ಯಾರಿಗೆ ಜ್ವರ, ಯಾರ ಗಂಡ ಕುಡಿದು ಬಡಿದ, ಯಾರ ಮಗುವಿಗೆ ಲಸಿಕೆ ಬಾಕಿ, ಎಲ್ಲ ಅವಳಿಗೇ ಗೊತ್ತು. ಗಂಡ ಕಾಶಪ್ಪ ಗೋಡೆ ಕಟ್ಟುವ ಗೌಂಡಿ. ಒಬ್ಬಳೇ ಮಗಳು ಶೀತಲಳನ್ನು ಅಣ್ಣನ ಮಗ ಅಂಬಾದಾಸನಿಗೇ ಕೊಟ್ಟು ಪಕ್ಕದ ಶೆಡ್ಡಿನಲ್ಲಿ ಇಟ್ಟುಕೊಂಡಿದ್ದಳು.

ಆ ಮಗಳು ಅಳಿಯ ಇಬ್ಬರೂ ಅಂದು ನೀತಾ ಬರುವ ಸ್ವಲ್ಪ ಮೊದಲಷ್ಟೇ, ಮಕ್ಕಳನ್ನು ಅಜ್ಜ ಅಜ್ಜಿಯ ಹತ್ತಿರ ಬಿಟ್ಟು, ಸ್ವಾರಗೇಟ್ ಬಸ್ ನಿಲ್ದಾಣಕ್ಕೆ ಹೊರಟಿದ್ದರು. ನಾಲ್ಕು ಗಂಟೆಗೆ ಕಲಬುರ್ಗಿ ಬಸ್ಸು. ಸೋಮವಾರ ಅಲ್ಲಿನ ಒಂದು ನರ್ಸಿಂಗ್ ಹೋಮಿನಲ್ಲಿ ಶೀತಲಳ ಗರ್ಭಚೀಲ ತೆಗೆಯುವುದಿತ್ತು. ಶೀತಲಳಿಗೆ ಇಪ್ಪತ್ತೆರಡು. ಎರಡು ಮಕ್ಕಳಾಗಿದ್ದವು, ಬಿಳಿ ಸೆರಗು ಹೋಗುತ್ತಿತ್ತು, ಸೊಂಟ ನೋಯುತ್ತಿತ್ತು. ಮಾನಮ್ಮ ತಾನೇ ಡಾಕ್ಟರಿಗೆ ಫೋನು ಮಾಡಿಸಿ ದಿನ ಗೊತ್ತು ಮಾಡಿದ್ದಳು. ತಾನೂ ಜೊತೆಗೆ ಹೋಗುವವಳೇ; ಆದರೆ ಭಾನುವಾರ ಗುಳಿಗೆ ಎಣಿಸಲು ಮೇಡಂ ಬರುತ್ತಾಳೆಂದು ಸುದ್ದಿ ಬಂದಿದ್ದರಿಂದ ಉಳಿದಿದ್ದಳು. ಗುಳಿಗೆಯ ವಿಷಯದಲ್ಲಿ ಅವಳು ಅಷ್ಟು ನಿಯತ್ತಿನವಳು.

ಗುಳಿಗೆ ಬಂದದ್ದು ಆರು ತಿಂಗಳ ಹಿಂದೆ. ಯಾವುದೋ ಸಂಶೋಧನೆಯ ಸಂಸ್ಥೆಯವರು ಜೀಪಿನಲ್ಲಿ ಒಂದು ಯಂತ್ರ ತಂದು, ಅದರೊಳಗೆ ಹೆಂಗಸರ ಹಿಮ್ಮಡಿ ಇಡಿಸಿ ಎಲುಬಿನ ಗಟ್ಟಿತನ ನೋಡಿದ್ದರು. ಮಾತಾಡಿಸಲು ಬಂದವಳು ನೀತಾ. ಮೈಸೂರಿನ ಹುಡುಗಿ, ಪೋಷಣೆಯ ಶಾಸ್ತ್ರ ಓದಿದವಳು. ಅವಳ ಕನ್ನಡ ಕೇಳಿ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದರು. ಅವಳು ಹೇಳಿದ್ದಿಷ್ಟು: ಮುಟ್ಟು ನಿಂತ ಮೇಲೆ ಹೆಂಗಸಿನ ಮೈಯಲ್ಲಿ ಒಂದು ರಸ ಕಡಿಮೆಯಾಗುತ್ತದೆ, ಅದು ಕಡಿಮೆಯಾದರೆ ಎಲುಬು ಟೊಳ್ಳಾಗುತ್ತದೆ. ಸೋಯಾ ಕಾಳಿನಲ್ಲಿ ಆ ರಸವನ್ನು ಸ್ವಲ್ಪ ಹೋಲುವ ಅಂಶ ಇದೆ. ಅದನ್ನು ಗುಳಿಗೆ ಮಾಡಿ ಕೊಟ್ಟರೆ ಎಲುಬು ಉಳಿಯುತ್ತದೆಯೋ ಇಲ್ಲವೋ ಎಂದು ಎರಡು ವರ್ಷ ನೋಡುತ್ತೇವೆ. ಮುಟ್ಟು ನಿಂತು ಐದು ವರ್ಷ ದಾಟಿದವರು ಬನ್ನಿ.

ಎಂಟು ಜನ ಎದ್ದು ಬಂದರು. ವಯಸ್ಸು ಬರೆದುಕೊಂಡದ್ದು ಹುಲಿಗೆಪ್ಪನ ಹಾಜರಿ ಪುಸ್ತಕದಿಂದ. ಅವನು ಮನಸ್ಸಿಗೆ ಬಂದದ್ದು ಬರೆದಿದ್ದ. ಮಾನಮ್ಮನ ಮುಂದೆ ಐವತ್ತೆರಡು ಅಂತ ಇತ್ತು. ಬಿಸಿಲಲ್ಲಿ ಸುಟ್ಟ ಮುಖ, ಉದುರಿದ ಎರಡು ಹಲ್ಲು. ನಂಬದಿರಲು ಕಾರಣವೂ ಇರಲಿಲ್ಲ. ಮುಟ್ಟು ಹೇಗೆ ನಿಂತಿತು ಎಂದು ಯಾರೂ ಕೇಳಲಿಲ್ಲ. ಕೇಳದ್ದನ್ನು ಹೇಳುವ ಅಭ್ಯಾಸ ಆ ಹೆಂಗಸರಿಗೆ ಇರಲಿಲ್ಲ.

ಮಾನಮ್ಮ ದಿನಾ ಬೆಳಿಗ್ಗೆ ಚಹಾದ ಮುಂಚೆ ಗುಳಿಗೆ ನುಂಗಿದಳು. ಅಷ್ಟಕ್ಕೇ ಸುಮ್ಮನಾಗದೆ ಮಾರ್ಕೆಟ್ ಯಾರ್ಡಿನಿಂದ ಐದು ಕಿಲೋ ಸೋಯಾ ಕಾಳು ತರಿಸಿ ಜೋಳದ ಜೊತೆ ಬೀಸಿಸಿದಳು. ಆ ಹಿಟ್ಟಿನ ರೊಟ್ಟಿ ಬಡಿಯುವಾಗಲೇ ಹರಿಯುತ್ತಿತ್ತು. ಕಾಶಪ್ಪ ಎರಡು ದಿನ ತಿಂದು, ಮೂರನೆಯ ದಿನ ತಾಟು ಸರಿಸಿದ. ಅವಳು ಮಾತ್ರ ಆ ಹಿಟ್ಟು ಮುಗಿಯುವವರೆಗೆ ತಿಂದಳು. ಶ್ರಾವಣದಲ್ಲಿ ಕಲ್ಲವ್ವ ಬರೇ ಒಂದು ಬಕೀಟು ಹಿಡಿದು ಜಾರಿ ಮುಂಗೈ ಮುರಿದುಕೊಂಡ ಮೇಲಂತೂ ಎಲ್ಲರ ಗುಳಿಗೆಯನ್ನೂ ಇವಳೇ ವಿಚಾರಿಸತೊಡಗಿದಳು.

ಅಂಥವಳ ಮುಂದೆ ಈಗ ಬ್ಯಾಗು ಬಾಯಿ ತೆರೆದುಕೊಂಡು ನಿಂತಿತ್ತು.

“ಕೊಟ್ಟಿದ್ದು ವಾಪಸ್ ಯಾಕ ಕೇಳ್ತೀರಿ ಮೇಡಂ? ನಾವೇನು ಮಾರ್ಕೊಂಡು ತಿಂದೀವೇನು?”

“ನೀವು ಸ್ಟಡಿಯಲ್ಲಿ ಇರೋಕೆ ಆಗಲ್ಲ ಮಾನಮ್ಮೋರೇ. ಹೋದ ತಿಂಗಳು ದೊಡ್ಡ ಸ್ಕ್ಯಾನಿಗೆ ಕರ್ಕೊಂಡು ಹೋಗಿದ್ವಲ್ಲ, ಅಲ್ಲಿ ನಿಮ್ಮೆಲ್ಲರ ಹೊಟ್ಟೆ ಮೇಲೂ ಹೊಲಿಗೆ ನೋಡಿದ್ರಂತೆ. ಆಪರೇಷನ್ ಆದವರನ್ನ ಸೇರಿಸೋ ಹಾಗಿಲ್ಲ. ಮುಟ್ಟು ತಾನಾಗೇ ನಿಂತಿರಬೇಕು.”

“ಅದು ಮೊದ್ಲ ಕೇಳ್ಬೇಕಿತ್ತಿಲ್ಲ?”

ನೀತಾ ತಲೆ ತಗ್ಗಿಸಿದಳು. “ಕೇಳ್ಬೇಕಿತ್ತು” ಎಂದಳು. ಅವಳಿಗೆ ಮೇಲಿನವರು ಹೇಳಿದ್ದು ಡಬ್ಬಿ ತರುವುದಕ್ಕಷ್ಟೇ, ಕಾರಣ ಹೇಳುವುದಕ್ಕಲ್ಲ. ಡಬ್ಬಿ ತೆಗೆದುಕೊಂಡು ಹೋಗಿದ್ದರೆ ಅವಳ ಕೆಲಸ ಮುಗಿಯುತ್ತಿತ್ತು. ಆದರೆ ಒಂದು ವಾರದಿಂದ ಅವಳ ತಲೆಯಲ್ಲಿ ವಯಸ್ಸಿಗೂ ಎಲುಬಿಗೂ ತಾಳೆಯಾಗದ ಒಂದು ಲೆಕ್ಕ ಕೂತಿತ್ತು. ಅವಳು ಕಾಶಪ್ಪ ಒರಗಿದ್ದ ಹಗ್ಗದ ಮಂಚದ ತುದಿಗೆ ಕೂತು ಕೇಳಿದಳು. “ನಿಮಗೆ ನಿಜವಾಗ್ಲೂ ಎಷ್ಟು ವಯಸ್ಸು?”

“ಯಾರಿಗೆ ಗೊತ್ತದ? ಕೆಂಪು ಜೋಳ ಬಂದ ವರ್ಷ ನನ್ನ ಮುಂದಿನ ಹಾಲುಹಲ್ಲು ಬಿದ್ದಿದ್ವು. ಕೆಂಪು ಜೋಳದ ರೊಟ್ಟಿ ಕಡೀಲಿಕ್ಕೆ ಬರ್ತಿರಲಿಲ್ಲ ಅಂತ ಅವ್ವ ಹಾಲಾಗ ನೆನಸಿ ಕೊಡ್ತಿದ್ದಳು.”

ಎಪ್ಪತ್ತೆರಡರ ಬರಕ್ಕೆ ಸರಕಾರ ಹಂಚಿದ ಜೋಳ ಅದು. ಆ ಸೀಮೆಯಲ್ಲಿ ಹುಟ್ಟಿದ್ದು, ಸತ್ತದ್ದು, ಮದುವೆ, ಎಲ್ಲವನ್ನೂ ಅದರಿಂದಲೇ ಎಣಿಸುತ್ತಾರೆ. ನೀತಾ ಬೆರಳು ಮಡಚಿದಳು. ಹಾಲುಹಲ್ಲು ಬೀಳುವುದು ಆರನೆಯ ವರ್ಷಕ್ಕೆ.

“ನಿಮಗೆ ಮೂವತ್ತೆಂಟು” ಎಂದಳು. “ಆಪರೇಷನ್ ಆಗಿ?”

“ಎಂಟು ವರ್ಷ.”

“ಮೂವತ್ತಕ್ಕೆ ತೆಗೆದ್ರಾ? ಪೇಪರ್ ಇದೆಯಾ?”

ಮಾನಮ್ಮ ಟ್ರಂಕಿನ ತಳದಿಂದ ಪ್ಲಾಸ್ಟಿಕ್ ಚೀಲ ತೆಗೆದು ಕೊಟ್ಟಳು. ಅದರೊಳಗಿನ ಇಂಗ್ಲಿಷ್ ಕಾಗದವನ್ನು ಎಂಟು ವರ್ಷದಲ್ಲಿ ಯಾರೂ ಓದಿರಲಿಲ್ಲ. ನೀತಾ ಓದಿದಳು, ಮತ್ತೆ ಮೊದಲಿನಿಂದ ಓದಿದಳು. “ಗರ್ಭಚೀಲ ಅಷ್ಟೇ ಅಲ್ಲ. ಅದರ ಆಚೆ ಈಚೆ ಬಾದಾಮಿಯಷ್ಟು ದೊಡ್ಡದು ಎರಡು ಇರುತ್ತೆ, ಅಂಡಾಶಯ ಅಂತ. ನಾನು ಹೇಳ್ತಿದ್ದೆನಲ್ಲ ರಸ, ಅದು ಬರೋದೇ ಅಲ್ಲಿಂದ. ಎರಡನ್ನೂ ತೆಗೆದಿದ್ದಾರೆ” ಎಂದಳು.

“ಡಾಕ್ಟರು ಬರೇ ಚೀಲ ತೆಗೀತೀನಿ ಅಂದಿದ್ದ.”

“ಎರಡನ್ನೂ ತೆಗೆದಿದ್ದಾರೆ. ಅದಕ್ಕೇ ನಿಮ್ಮ ಮೂಳೆ ಎಪ್ಪತ್ತು ವರ್ಷದವರ ಹಾಗಿದೆ. ಕಲ್ಲವ್ವೋರದ್ದೂ ಹಾಗೇ. ಎಂಟು ಜನರದ್ದೂ ಹಾಗೇ ಇದೆ.”

“ಡಾಕ್ಟರು ತಿಳೀಲಾರದ ಮಾಡ್ತಾನೇನು?” ಎಂದ ಕಾಶಪ್ಪ. ಆ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದವನು ಅವನೇ. ಮಾನಮ್ಮ ಅವನ ಕಡೆ ತಿರುಗಿ ಒಂದು ಸಲ ನೋಡಿದಳು. ಅವನು ಎದ್ದು ಹೊರಗೆ ಹೋದ.

“ಮತ್ತ ಈ ಗುಳಿಗಿ? ಇದು ತಗೊಂಡ್ರ ಎಲುಬು ತುಂಬಂಗಿಲ್ಲೇನು?”

ನೀತಾ ಸುಳ್ಳು ಹೇಳಲಿಲ್ಲ. ಸೋಯಾದ ಅಂಶ ಆ ರಸದಷ್ಟು ಬಲದ್ದಲ್ಲ, ವಯಸ್ಸಾಗಿ ಮುಟ್ಟು ನಿಂತವರಿಗೆ ಸ್ವಲ್ಪ ಆಧಾರವಾದೀತೋ ಏನೋ, ಅದೂ ಇನ್ನೂ ಖಚಿತವಿಲ್ಲ. ನಿಮಗೆ ಬೇಕಾದ್ದು ದೊಡ್ಡ ಆಸ್ಪತ್ರೆಯ ಚಿಕಿತ್ಸೆ, ನಾನು ಚೀಟಿ ಬರೆದುಕೊಡುತ್ತೇನೆ ಎಂದಳು. ಆಮೇಲೆ, ಹೇಳಿದ ಮೇಲೆ ಎಲ್ಲವನ್ನೂ ಹೇಳಿಬಿಡೋಣ ಎಂಬಂತೆ, ಡಬ್ಬಿಗಳಲ್ಲಿ ಅರ್ಧದಷ್ಟು ಬರೀ ಹಿಟ್ಟಿನ ಗುಳಿಗೆ, ಯಾರದ್ದು ಯಾವುದು ಎಂದು ತನಗೂ ಗೊತ್ತಿಲ್ಲ, ಎಂದಳು. ಅದನ್ನು ಮೊದಲ ದಿನವೇ ಹೇಳಿ ಸಹಿ ಹಾಕಿಸಿಕೊಂಡಿದ್ದೆವು ಎಂದೂ ಸೇರಿಸಿದಳು. ಹೇಳಿದ್ದಿರಬಹುದು. ನಲವತ್ತು ಮಂದಿಯ ಗದ್ದಲದಲ್ಲಿ, ಹುಲಿಗೆಪ್ಪ ಕೆಲಸಕ್ಕೆ ಹೊತ್ತಾಯಿತೆಂದು ಕೂಗುತ್ತಿರುವಾಗ ಹೇಳಿದ್ದು ಯಾರ ಕಿವಿಗೆ ಬಿದ್ದೀತು?

ಮಾನಮ್ಮನ ಮೈ ಉರಿದುಹೋಯಿತು. ಒಬ್ಬ ಕೇಳದೆ ಒಳಗಿನದನ್ನು ಕೊಯ್ದು ತೆಗೆದ. ಇನ್ನೊಬ್ಬರು ಕೇಳದೆ ಗುಳಿಗೆ ಕೊಟ್ಟು, ಕೇಳದೆ ವಾಪಸ್ ತೆಗೆದುಕೊಳ್ಳಲು ಬಂದರು. ಇವಳ ಮೈ ಇವಳೊಬ್ಬಳನ್ನು ಬಿಟ್ಟು ಊರಿಗೆಲ್ಲ ಸೇರಿದ್ದಾಗಿತ್ತು. ಡಬ್ಬಿ ಎದೆಗೆ ಅವುಚಿಕೊಂಡು, “ಕೊಡಂಗಿಲ್ಲ. ಹಿಟ್ಟರೆ ಇರಲಿ, ಮಣ್ಣರೆ ಇರಲಿ. ಹೋಗಿ ನಿಮ್ಮ ಸಾಹೇಬರಿಗೆ ಹೇಳ್ರಿ, ಮಾನಮ್ಮ ಕೊಡಲಿಲ್ಲ ಅಂತ” ಎಂದು ಕಿರುಚಿದಳು.

ಕಿರುಚಿದ ಮರುಗಳಿಗೆಗೆ ಅವಳಿಗೆ ಶೀತಲ ನೆನಪಾದಳು.

ಡಬ್ಬಿ ಕೈಯಿಂದ ಜಾರಿ ಗುಳಿಗೆಗಳು ನೆಲದ ಮೇಲೆ ಉರುಳಿದವು. “ನನ್ನ ಮಗಳು” ಎಂದಳು. “ಬಸ್ಸು. ನಾಕಕ್ಕ ಬಸ್ಸು. ನಾಳೆ ಅಕೀದೂ ತೆಗೀತಾರ.” ನೀತಾಳಿಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಅಂಬಾದಾಸನ ಹತ್ತಿರ ಫೋನಿರಲಿಲ್ಲ. ನೀತಾ ಗಡಿಯಾರ ನೋಡಿ, ಬ್ಯಾಗನ್ನು ಅಲ್ಲೇ ಬಿಟ್ಟು ಸ್ಕೂಟಿಯ ಕೀಲಿ ತೆಗೆದಳು. ಮೂರೂ ಕಾಲು ಆಗಿತ್ತು.

ಸ್ಕೂಟಿಯ ಮೇಲೆ ಮಾನಮ್ಮ ಕಣ್ಣು ಮುಚ್ಚಿ ಕೂತಿದ್ದಳು. ಒಂದೊಂದು ಗುಂಡಿಗೂ ಸೊಂಟ ಕತ್ತರಿಸಿದಂತಾಗುತ್ತಿತ್ತು. ಆದರೆ ಅವಳನ್ನು ಕೊಲ್ಲುತ್ತಿದ್ದುದು ಸೊಂಟದ ನೋವಲ್ಲ.

ಎಂಟು ವರ್ಷದ ಹಿಂದೆ ಕಲಬುರ್ಗಿಯ ಅದೇ ಡಾಕ್ಟರು ಟಿವಿಯಂಥದರಲ್ಲಿ ಕಪ್ಪು ಬಿಳಿ ಕಲೆ ತೋರಿಸಿ, ತೂತು ಬಿದ್ದಿದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ ಎಂದಿದ್ದ. ಹೆದರಿದ್ದು ನಿಜ. ಆದರೆ ಹೆದರಿಕೆಗಿಂತ ಹೆಚ್ಚಾಗಿ ಅವಳಿಗೆ ಬಿಡುಗಡೆ ಬೇಕಿತ್ತು. ಕಟ್ಟಡದ ಮೇಲೆ ಕೆಲಸ ಮಾಡುವ ಹೆಂಗಸಿಗೆ ತಿಂಗಳ ಆ ನಾಲ್ಕು ದಿನ ಅಂದರೆ ನರಕ. ಸಂಡಾಸಿಲ್ಲ, ಬಟ್ಟೆ ಒಗೆಯಲು ನೀರಿಲ್ಲ, ಮರೆಯಿಲ್ಲ. ಕೂತರೆ ಹುಲಿಗೆಪ್ಪ ಕೂಗುತ್ತಿದ್ದ. ಬಾರದಿದ್ದರೆ ಬೇರೆಯವಳನ್ನು ಕರೆತರುತ್ತಿದ್ದ. ಚೀಲ ತೆಗೆಸಿ ಬಂದ ಮೇಲೆ ಅವಳು ಮೈ ಹಗುರಾಯಿತೆಂದು ಶೆಡ್ಡಿಂದ ಶೆಡ್ಡಿಗೆ ಹೋಗಿ ಹೇಳಿದ್ದಳು. “ನನ್ನ ನೋಡ್ರಿ, ಕಾಟ ಹೋತು” ಅಂತ. ಆಮೇಲೆ ಒಬ್ಬೊಬ್ಬರನ್ನೇ ತಾನೇ ಕರೆದುಕೊಂಡು ಹೋದಳು. ಡಾಕ್ಟರು ಅವಳನ್ನು ಅಕ್ಕಾವ್ರ ಅನ್ನುತ್ತಿದ್ದ. ತನ್ನ ಖೋಲಿಯಲ್ಲಿ ಎದುರಿಗೆ ಕುರ್ಚಿ ಹಾಕಿಸಿ ಚಹಾ ತರಿಸುತ್ತಿದ್ದ. ಹುಟ್ಟಿದಾಗಿನಿಂದ ಯಾರೂ ಅವಳಿಗೆ ಕುರ್ಚಿ ಕೊಟ್ಟಿರಲಿಲ್ಲ. ಆ ಕುರ್ಚಿಯ ಮೇಲೆ ಕೂತು ಅವಳು ಹನ್ನೊಂದು ಹೆಂಗಸರನ್ನು ಒಳಗೆ ಕಳಿಸಿದ್ದಳು.

ಮೊದಲನೆಯವಳು ಕಲ್ಲವ್ವ. ಕೊನೆಯವಳು ಕಲ್ಲವ್ವನ ಮಗಳು ಇಂದೂ, ಹೋದ ವರ್ಷ. ಇಂದೂಗೆ ಆಗ ಇಪ್ಪತ್ತಮೂರು. ಗುಳಿಗೆಯವರು ಐದು ವರ್ಷ ದಾಟಿದವರನ್ನು ಮಾತ್ರ ಕೇಳಿದ್ದರಿಂದ ಅವಳನ್ನು ಯಾವ ಯಂತ್ರದ ಮುಂದೆಯೂ ಕೂರಿಸಿರಲಿಲ್ಲ. ಹನ್ನೆರಡನೆಯವಳಾಗಿ ತನ್ನ ಮಗಳನ್ನೇ ಕಳಿಸಿದ್ದಳು. ಆ ಡಾಕ್ಟರನನ್ನು ಕೈಯಲ್ಲಿ ಹಿಡಿದು ಜಜ್ಜಬೇಕು ಅನ್ನಿಸಿತು ಮಾನಮ್ಮನಿಗೆ. ಅದೇ ಉಸಿರಿನಲ್ಲಿ ತನ್ನನ್ನೂ.

ಸ್ವಾರಗೇಟ್ ನಿಲ್ದಾಣದ ಬಾಗಿಲಲ್ಲಿ ಇಳಿಸಿದಾಗ ನಾಲ್ಕಕ್ಕೆ ಐದು ನಿಮಿಷ. ನೀತಾ ಗಾಡಿ ನಿಲ್ಲಿಸಲು ಜಾಗ ಹುಡುಕುತ್ತಿದ್ದಂತೆ ಮಾನಮ್ಮ ಓಡಿದಳು. ಎಂಟು ವರ್ಷದಲ್ಲಿ ಅವಳು ಹಾಗೆ ಓಡಿರಲಿಲ್ಲ. ಕಲಬುರ್ಗಿ ಬಸ್ಸಿನ ಇಂಜಿನು ಚಾಲೂ ಆಗಿತ್ತು. ಕಂಡಕ್ಟರ್ ಏನೋ ಅನ್ನುತ್ತಿದ್ದರೂ ಕೇಳದೆ ಹತ್ತಿ, ನಡುವಿನ ಸೀಟಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಿದ್ದ ಶೀತಲಳ ರಟ್ಟೆ ಹಿಡಿದಳು.

“ಇಳಿ. ಇಳಿ ಮೊದ್ಲ.”

“ಯಾಕವ್ವಾ? ಏನಾತು? ಮಕ್ಕಳಿಗೆ ಏನರೆ ಆತೇನು?”

“ಮಕ್ಕಳಿಗೇನೂ ಆಗಿಲ್ಲ. ನೀ ಹೋಗೂದು ಬ್ಯಾಡ.”

ಅಂಬಾದಾಸ ಎದ್ದು ನಿಂತ. “ಅತ್ತಿ, ಹುಲಿಗೆಪ್ಪನ ಕೈ ಕಾಲು ಹಿಡದು ಹದಿನೈದು ದಿನ ಸೂಟಿ ತಗೊಂಡೀನಿ. ನೀನ ದಿನ ಗೊತ್ತು ಮಾಡಿದಿ, ನೀನ ಈಗ ಬ್ಯಾಡ ಅಂತಿ?”

“ಅಂಬಾದಾಸ, ನೀ ಸುಮ್ನ ಕೂಡು. ಕೊಯ್ಯೋದು ನಿನ್ನ ಹೊಟ್ಟಿಯಲ್ಲ.”

ಬಸ್ಸಿನ ಮಂದಿ ತಿರುಗಿ ನೋಡಿದರು. ಮಾನಮ್ಮ ದನಿ ತಗ್ಗಿಸಲಿಲ್ಲ. ನಿಂತಲ್ಲೇ, ಏದುಸಿರು ಬಿಡುತ್ತಲೇ ಎಲ್ಲ ಹೇಳಿದಳು. ಚೀಲದ ಜೊತೆ ಡಾಕ್ಟರು ಏನು ತೆಗೆಯುತ್ತಾನೆ, ಅದು ಹೋದರೆ ಎಲುಬಿಗೆ ಏನಾಗುತ್ತದೆ, ತನ್ನ ವಯಸ್ಸು ಎಷ್ಟು, ತನ್ನ ಎಲುಬಿನ ವಯಸ್ಸು ಎಷ್ಟು. ಮುಂದಿನ ಸೀಟಿನ ಮುದುಕಿಯೊಬ್ಬಳು ತನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೇಳುತ್ತಿದ್ದಳು. ಕಂಡಕ್ಟರ್ ಗಂಟೆಯ ಹಗ್ಗ ಹಿಡಿದವನು ಎಳೆಯಲಿಲ್ಲ.

ಶೀತಲ ಅಳಲಿಲ್ಲ. ಅವಳ ಮುಖ ಬಿಗಿಯಾಯಿತು. “ನೂರು ಸಲ ಬ್ಯಾಡ ಅಂದೆ ನಾ” ಎಂದಳು. “ಔಷಧ ತಗೋತೀನಿ, ಪುಣೆದಾಗ ಒಮ್ಮಿ ತೋರಿಸೂಣು ಅಂದೆ. ನೀ ಏನಂದಿ? ನನಗಿಂತ ನಿನಗ ಭಾಳ ತಿಳೀತದೇನು ಅಂದಿ. ಅಂದಿದ್ದಿಯೋ ಇಲ್ಲೋ?”

“ಅಂದಿದ್ದೆ.”

“ಇವತ್ತು ಆ ಹುಡುಗಿ ಬರದಿದ್ರ?”

ಬರದಿದ್ದರೆ ಏನಾಗುತ್ತಿತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು.

ಶೀತಲ ಕಾಲ ಬಳಿಯ ಚೀಲ ಎತ್ತಿಕೊಂಡು ಎದ್ದಳು. ತಾಯಿಯನ್ನು ದಾಟಿ, ಅವಳ ಕೈ ಹಿಡಿಯದೆ ಬಸ್ಸಿನಿಂದ ಇಳಿದಳು. ಕೆಳಗೆ ನಿಂತು ತಿರುಗಿ, “ನಾ ನಿನ್ನ ಮಗಳು ಅಂತ ಓಡಿ ಬಂದಿ. ಉಳದವರಿಗೆ ಯಾರು ಹೇಳ್ತಾರ? ಇವತ್ತ ಹೇಳು. ನನ್ನ ಮುಂದ ಹೇಳು. ಇಲ್ಲಂದ್ರ ನಿನ್ನ ಕೂಡ ನನ್ನ ಮಾತು ಮುಗೀತು” ಎಂದಳು.

ನೀತಾ ಬಿಟ್ಟುಬಂದ ಬ್ಯಾಗಿಗೆಂದು ಸ್ಕೂಟಿಯಲ್ಲಿ ಮುಂದೆ ಹೋದಳು; ಉಳಿದ ಮೂವರೂ ಸಿಟಿ ಬಸ್ಸು ಹಿಡಿದು ಮರಳಿದರು. ದಾರಿಯಲ್ಲಿ ಅಂಬಾದಾಸ, ಹುಲಿಗೆಪ್ಪನಿಗೆ ಏನು ಹೇಳುವುದು ಎಂದು ತನ್ನಷ್ಟಕ್ಕೇ ಗೊಣಗಿದ. ಮಾನಮ್ಮ ಕಂಬಿ ಹಿಡಿದು ನಿಂತೇ ಬಂದಳು. ಡಾಕ್ಟರು ಮೋಸ ಮಾಡಿದ ಎಂದು ಶುರು ಮಾಡಬೇಕು, ಎಂದುಕೊಂಡಳು. ನನಗೂ ಗೊತ್ತಿರಲಿಲ್ಲ ಎನ್ನಬೇಕು. ಅದು ಸುಳ್ಳೇನೂ ಅಲ್ಲ. ಆದರೂ ಆ ಮಾತು ಬಾಯಿಯಲ್ಲಿ ನಿಲ್ಲಲಿಲ್ಲ. ಗೊತ್ತಿಲ್ಲದವಳು ಅಷ್ಟು ಗೊತ್ತಿದ್ದವಳ ಹಾಗೆ ಹೇಳಿಕೊಂಡು ತಿರುಗಿದ್ದು ಯಾಕೆ ಎಂದು ತನ್ನನ್ನು ತಾನೇ ಕೇಳಿಕೊಳ್ಳುತ್ತಿದ್ದಳು.

ಶೆಡ್ಡುಗಳ ನಡುವೆ ನೀರಿನ ನಲ್ಲಿ. ಸಂಜೆ ನೀರು ಬಿಡುವ ಹೊತ್ತು, ಕೊಡಗಳು ಸಾಲಾಗಿದ್ದವು. ಕಲ್ಲವ್ವ ಪಕ್ಕದ ಕಲ್ಲಿನ ಮೇಲೆ ಕೂತು, ಸೊಟ್ಟಗೆ ಕೂಡಿಕೊಂಡ ಮುಂಗೈಯಿಂದ ಹೇಗೋ ಅಕ್ಕಿ ಆರಿಸುತ್ತಿದ್ದಳು. ಶೀತಲಳನ್ನು ಕಂಡು, “ಏನವ್ವಾ, ಬಸ್ಸು ತಪ್ಪಿತೇನು?” ಎಂದಳು.

ಶೀತಲ ತಾಯಿಯ ಕಡೆ ನೋಡಿದಳು.

ಮಾನಮ್ಮ ನಿಂತೇ ಹೇಳಿದಳು. ಡಾಕ್ಟರಿನಿಂದ ಶುರು ಮಾಡಲಿಲ್ಲ. “ಕಲ್ಲವ್ವಾ, ನಿನ್ನ ಕೈ ಮುರದದ್ದು ಜಾರಿದ್ದಕ್ಕಲ್ಲ. ನಾ ನಿನ್ನ ಕರ್ಕೊಂಡು ಹೋಗಿದ್ದಕ್ಕ” ಎಂದಳು. ಆಮೇಲೆ ಉಳಿದದ್ದನ್ನು ಹೇಳಿದಳು, ಏನನ್ನೂ ಬಿಡದೆ, ಕುರ್ಚಿಯನ್ನೂ ಬಿಡದೆ. ನೀರಿಗೆ ಬಂದ ಹೆಂಗಸರು ಒಬ್ಬೊಬ್ಬರಾಗಿ ಸುತ್ತ ನಿಂತರು. ಒಬ್ಬಳು ಬಾಯಿಗೆ ಬಂದಂತೆ ಬೈದಳು. ಇನ್ನೊಬ್ಬಳು ತನ್ನ ಗುಳಿಗೆಯ ಡಬ್ಬಿ ತಂದು ಮಾನಮ್ಮನ ಕಾಲ ಬಳಿ ಎಸೆದಳು. ಮಾನಮ್ಮ ಅಲುಗಲಿಲ್ಲ. ಬೈಗುಳ ಬಿದ್ದಷ್ಟೂ ಒಂದು ಥರದ ಸಮಾಧಾನವೇ ಆಗುತ್ತಿತ್ತು ಅವಳಿಗೆ. ನಾಳೆ ಎಲ್ಲರೂ ಕೂಡಿ ದೊಡ್ಡ ಆಸ್ಪತ್ರೆಗೆ ಹೋಗೋಣ, ಆಮೇಲೆ ಕಲಬುರ್ಗಿಗೂ ಹೋಗೋಣ, ಆ ಡಾಕ್ಟರನ ಕೊರಳಪಟ್ಟಿ ಹಿಡಿಯೋಣ ಎಂದಳು.

ಕಲ್ಲವ್ವ ಮಾತ್ರ ಬೈಯಲಿಲ್ಲ. ಮೊರವನ್ನು ಕೆಳಗಿಟ್ಟು, ಮಾನಮ್ಮನನ್ನೂ ಶೀತಲಳನ್ನೂ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದಳು.

“ನನ್ನ ಕೈ ಹೋಗ್ಲಿ” ಎಂದಳು. “ನಿನ್ನ ಮಗಳನ್ನ ನೀ ಬಸ್ಸಿನಿಂದ ಇಳಿಸ್ಕೊಂಡು ಬಂದಿ. ನನ್ನ ಇಂದೂನ್ನ ಯಾವ ಬಸ್ಸಿನಿಂದ ಇಳಿಸ್ತಿ?”

ಇಂದೂ ಅಲ್ಲೇ ಎರಡು ಮಾರು ದೂರದಲ್ಲಿ ನಲ್ಲಿಗೆ ಕೊಡ ಹಿಡಿದಿದ್ದಳು. ನೀರಿನ ಸದ್ದು, ಹೆಂಗಸರ ಗದ್ದಲದಲ್ಲಿ ಅವಳಿಗೆ ಒಂದು ಮಾತೂ ಬಿಡಿಸಿ ಕೇಳಿಸಿರಲಿಲ್ಲ. ತುಂಬಿದ ಕೊಡವನ್ನು ಸೊಂಟಕ್ಕೆ ಏರಿಸಿಕೊಂಡು, ಎಲ್ಲರೂ ತನ್ನನ್ನೇ ನೋಡುತ್ತಿರುವುದನ್ನು ಕಂಡು ನಕ್ಕು, “ಏನಾಗ್ಯದ?” ಎಂದು ಮಾನಮ್ಮನನ್ನೇ ಕೇಳಿದಳು.